ಗಾಲ್ಫ್ ರಜೆಗೆ ಯಾವ ಊರು? ಮುಂಬಯಿಯಿಂದ ನಾಲ್ವರು, ಐದು ದಿನ, ನಾಲ್ಕು ರೌಂಡ್

ಠಾಣೆ_ಬೋಗಿ

ನಮಸ್ಕಾರ. ಜನವರಿ ಕೊನೆಯ ವಾರ ನಾಲ್ಕು ಜನ ಐದು ದಿನಕ್ಕೆ ಹೊರಡುವುದು, ನಾಲ್ಕು ರೌಂಡ್ (ರೌಂಡಿಗೆ 18 ಹೋಲ್) ಆಡುವುದು ಎಂದು ಲೆಕ್ಕ. ಮೂವರ ಹ್ಯಾಂಡಿಕ್ಯಾಪ್ (ಆಟಗಾರನಿಗೆ ಸಿಗುವ ಹೊಡೆತಗಳ ರಿಯಾಯಿತಿ, ಕಡಿಮೆಯಿದ್ದಷ್ಟೂ ಆಟ ಚೆನ್ನ) 9, 16, 22. ನಾಲ್ಕನೆಯವರು ಹೊಸಬರು, ಆರು ತಿಂಗಳಿಂದ ಅಭ್ಯಾಸದ ರೇಂಜ್‌ನಲ್ಲಿ ಹೊಡೆಯುತ್ತಿದ್ದಾರೆ, ಹ್ಯಾಂಡಿಕ್ಯಾಪ್ ಕಾರ್ಡ್ ಇಲ್ಲ. ಇಬ್ಬರ ಮನೆಯವರೂ ಬರುತ್ತಾರೆ, ಅವರು ಆಡುವುದಿಲ್ಲ. ದೊಡ್ಡ ಕ್ಲಬ್ಬಿನ ಮೆಂಬರ್‌ಶಿಪ್ ನಮ್ಮಲ್ಲಿ ಯಾರಿಗೂ ಇಲ್ಲ, ಖಾರ್ಘರ್‌ನ ಸಿಡ್ಕೊ ಕೋರ್ಸಿನಲ್ಲಿ ಫೀ ಕಟ್ಟಿ ಆಡುವವರು.

ಪಟ್ಟಿಯಲ್ಲಿ ಗೋವಾ, ಪುಣೆ, ಬೆಂಗಳೂರು, ದೆಹಲಿ, ಹೈದರಾಬಾದ್ ಇವೆ. ಒಬ್ಬರು ಕೊಲಂಬೊ ಎಂದು ಹಟ ಹಿಡಿದಿದ್ದಾರೆ. ಒಂದೇ ಊರು ಆರಿಸಬೇಕು. ಇನ್ನೊಂದು ಪ್ರಶ್ನೆ: ಕ್ಲಬ್‌ಗಳನ್ನು ಹೊತ್ತುಕೊಂಡು ಹೋಗುವುದೋ, ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳುವುದೋ?

ಚೆಂಬೂರ್_ಚಿಪ್

ಫೋಟೊ ನೋಡಿ ಊರು ಆರಿಸಬೇಡಿ. ಮೆಂಬರ್ ಅಲ್ಲದ ನಾಲ್ವರಿಗೆ ಟೀ ಟೈಮ್ (ಆಟ ಶುರುಮಾಡುವ ಹೊತ್ತು) ಕೊಡುವ ಕೋರ್ಸ್ ಆ ಊರಲ್ಲಿ ಎಷ್ಟಿವೆ ಎಂದು ಎಣಿಸಿ. ಮುಂಬಯಿಯನ್ನೇ ನೋಡಿ: ಚೆಂಬೂರಿನಲ್ಲಿ 1927ರಿಂದ ಬಾಂಬೆ ಪ್ರೆಸಿಡೆನ್ಸಿ ಇದೆ, ತಾರ್ದೇವ್ ಕಡೆ ವಿಲ್ಲಿಂಗ್ಡನ್ ಇದೆ, ಕೊಲಾಬಾದಲ್ಲಿ ಯುನೈಟೆಡ್ ಸರ್ವಿಸಸ್ ಇದೆ. ಹೊರಗಿನವನೊಬ್ಬ ಬ್ಯಾಗ್ ಹೊತ್ತು ಬಂದರೆ ಈ ಮೂರೂ ಅವನ ಪಾಲಿಗೆ ಇಲ್ಲದ ಹಾಗೆಯೇ. ಬೇರೆ ಊರುಗಳಲ್ಲೂ ಇದೇ ಕತೆ. ಪಟ್ಟಿಯಲ್ಲಿ ಎಂಟು ಕೋರ್ಸ್ ಕಾಣುತ್ತವೆ, ಫೋನ್ ಮಾಡಿದ ಮೇಲೆ ಮೂರು ಉಳಿಯುತ್ತವೆ.

ಕೋರ್ಸ್‌ಗಳಲ್ಲಿ ಮೂರು ಬಗೆ. ಹಳೆಯ ಮೆಂಬರ್ ಕ್ಲಬ್‌ಗಳಲ್ಲಿ ಒಬ್ಬ ಮೆಂಬರ್ ಜೊತೆಗಿರಬೇಕು, ಇಲ್ಲವೇ ನಿಮ್ಮ ಕ್ಲಬ್ಬಿಗೂ ಅವರಿಗೂ ಒಪ್ಪಂದವಿದ್ದು ಸೆಕ್ರೆಟರಿಯ ಪತ್ರ ಬೇಕು. ರೆಸಾರ್ಟ್ ಅಥವಾ ಟೌನ್‌ಶಿಪ್ ಕೋರ್ಸ್‌ಗಳು ಫೀ ಕಟ್ಟುವವರಿಗೆ, ಅದರಲ್ಲೂ ಅಲ್ಲೇ ರೂಮ್ ಹಿಡಿದವರಿಗೆ, ಬಾಗಿಲು ತೆರೆಯುತ್ತವೆ. ಮೂರನೆಯದು ಖಾರ್ಘರ್‌ನಂಥ ಸಾರ್ವಜನಿಕ ಕೋರ್ಸ್. ದೆಹಲಿಯ ಲಾಡೊ ಸರಾಯ್‌ನಲ್ಲಿ ಡಿಡಿಎ (ದೆಹಲಿ ಅಭಿವೃದ್ಧಿ ಪ್ರಾಧಿಕಾರ) ನಡೆಸುವ ಕುತುಬ್ ಕೋರ್ಸ್ ಈ ಜಾತಿಯದು. ನಿಮಗೆ ಎರಡನೆಯದು ಮತ್ತು ಮೂರನೆಯದು ಮಾತ್ರ.

ಬುಕ್ ಮಾಡುವ ಮುನ್ನ ಫೋನಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಗ್ರೀನ್‌ಗೆ (ತೂತಿನ ಸುತ್ತಲಿನ ನುಣುಪು ಹುಲ್ಲಿನ ಜಾಗ) ಏರೇಷನ್ ಯಾವಾಗ? ಇದನ್ನು ಯಾರೂ ಕೇಳುವುದಿಲ್ಲ, ಆಮೇಲೆ ಒದ್ದಾಡುತ್ತಾರೆ. ಟೊಳ್ಳು ಮೊಳೆಗಳ ಯಂತ್ರದಿಂದ ಗ್ರೀನ್ ತುಂಬ ಬೆರಳು ದಪ್ಪದ ತೂತು ತೆಗೆದು, ಮಣ್ಣಿನ ತುಂಡು ಗುಡಿಸಿ, ಮರಳು ತುಂಬುತ್ತಾರೆ. ಗಟ್ಟಿಯಾದ ಮಣ್ಣಿಗೆ ಗಾಳಿ ಬೇಕಲ್ಲ, ಮಾಡಲೇಬೇಕಾದ ಕೆಲಸ. ಆದರೆ ಎರಡು ಮೂರು ವಾರ ಪಟ್ ಮಾಡಿದ ಚೆಂಡು ಕುಣಿಯುತ್ತದೆ, ಗ್ರೀನ್ ನಿಧಾನವಾಗುತ್ತದೆ. ಗ್ರೀನ್ ಫೀ ಮಾತ್ರ ಒಂದು ರೂಪಾಯಿ ಕಡಿಮೆಯಾಗುವುದಿಲ್ಲ.

ಆಮೇಲೆ ವಾರದ ರಜೆ ಯಾವ ದಿನ ಎಂದು ಕೇಳಿ, ಬಹಳ ಕ್ಲಬ್‌ಗಳಿಗೆ ಸೋಮವಾರ. ಆ ವಾರ ಟೂರ್ನಮೆಂಟ್ ಇದೆಯಾ, ಹ್ಯಾಂಡಿಕ್ಯಾಪ್ ಕಾರ್ಡ್ ಇಲ್ಲದವರನ್ನು ಬಿಡುತ್ತಾರಾ, ಗ್ರೀನ್ ಫೀ, ಕ್ಯಾಡಿ (ಬ್ಯಾಗ್ ಹೊರುವವರು), ಕಾರ್ಟ್, ಗೆಸ್ಟ್ ಚಾರ್ಜ್, ಜಿಎಸ್‌ಟಿ ಎಲ್ಲ ಸೇರಿ ತಲೆಗೆ ಎಷ್ಟು ಎಂಬುದನ್ನೂ ಕೇಳಿ. ಬರೀ "ಗ್ರೀನ್ ಫೀ ಎಷ್ಟು" ಎಂದರೆ ಅದೊಂದನ್ನೇ ಹೇಳುತ್ತಾರೆ, ಉಳಿದದ್ದು ಬಿಲ್ ಬಂದಾಗ ಗೊತ್ತಾಗುತ್ತದೆ. ಉತ್ತರವನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ.

ಇನ್ನು ದೆಹಲಿ. ಆಟ ಒಂದನ್ನೇ ನೋಡಿದರೆ ದೇಶದಲ್ಲಿ ಅದಕ್ಕೆ ಸಾಟಿಯಿಲ್ಲ. ಹೆಸರಾಂತ ಆಟಗಾರರು ವಿನ್ಯಾಸ ಮಾಡಿದವೇ ಮೂರಿವೆ: ಗುರುಗ್ರಾಮದ ಡಿಎಲ್‌ಎಫ್ ಕ್ಲಬ್ಬಿನಲ್ಲಿ ಗ್ಯಾರಿ ಪ್ಲೇಯರ್ ಕೋರ್ಸ್, ಮಾನೇಸರ್ ಬಳಿಯ ಕ್ಲಾಸಿಕ್ ಕ್ಲಬ್ಬಿನಲ್ಲಿ ಜ್ಯಾಕ್ ನಿಕ್ಲಾಸ್ ವಿನ್ಯಾಸದ 27 ಹೋಲ್, ಗ್ರೇಟರ್ ನೊಯ್ಡಾದಲ್ಲಿ ಗ್ರೆಗ್ ನಾರ್ಮನ್ ಕೋರ್ಸ್. ಆದರೆ ನಿಮ್ಮ ತಾರೀಕಿಗೆ ಅಲ್ಲ. ಜನವರಿಯಲ್ಲಿ ಮಂಜು ಬಿದ್ದರೆ ಮೊದಲ ಟೀ ಏಳೂವರೆಯಿಂದ ಹತ್ತಕ್ಕೆ ಜಾರುತ್ತದೆ, ಹಿಂದಿನವರೆಲ್ಲ ಒಬ್ಬರ ಮೇಲೊಬ್ಬರು ಬಂದು ಸೇರುತ್ತಾರೆ, ರೌಂಡ್ ಐದೂವರೆ ಗಂಟೆ ಹಿಡಿಯುತ್ತದೆ. ಸಾಲದ್ದಕ್ಕೆ ಗಣರಾಜ್ಯೋತ್ಸವದ ತಾಲೀಮಿಗೆಂದು ಈಚಿನ ವರ್ಷಗಳಲ್ಲಿ ಆ ವಾರ ಬೆಳಗಿನ ಹೊತ್ತು ವಿಮಾನ ಓಡಾಟ ಕೆಲ ಗಂಟೆ ನಿಲ್ಲಿಸುತ್ತಾರೆ. ದೆಹಲಿಗೆ ಹೋಗುವುದಾದರೆ ಫೆಬ್ರವರಿ ನಡುವಿನಿಂದ ಮಾರ್ಚ್ ನಡುವಿನವರೆಗೆ ಹೋಗಿ.

ಕೊಲಂಬೊ ಎಂದವರಿಗೆ: ರಾಯಲ್ ಕೊಲಂಬೊ 1879ರ ಕ್ಲಬ್, ಕೋರ್ಸಿನ ನಡುವೆಯೇ ರೈಲು ಹಳಿ ಹಾದುಹೋಗುತ್ತದೆ, ನೋಡಲೇಬೇಕಾದ ಜಾಗ. ಆದರೆ ಊರೊಳಗೆ ಅದೊಂದೇ. ಎರಡನೆಯ ಕೋರ್ಸಿಗೆ ಕ್ಯಾಂಡಿ ಬೆಟ್ಟ ಹತ್ತಬೇಕು. ನಾಲ್ಕು ರೌಂಡಿನ ಊರಲ್ಲ.

ನನ್ನ ಮತ ಬೆಂಗಳೂರು ಮತ್ತು ಮೈಸೂರು ಜೋಡಿಗೆ.

ಬಾವಧನ_ಬಂಕರ್

ಪುಣೆ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ಬರೀಲಿಕ್ಕತ್ತೀನ್ರಿ. ಪುಣೆ ಎರಡು ದಿನದ ಊರು, ಐದು ದಿನದ್ದಲ್ಲ. ಬಾವಧನದಾಗ ಆಕ್ಸ್‌ಫರ್ಡ್ ಗಾಲ್ಫ್ ರೆಸಾರ್ಟ್ ಅದ, 18 ಹೋಲು, ಪಾರ್ (ನಿಗದಿ ಮಾಡಿದ ಹೊಡೆತ) 72. ಎಕ್ಸ್‌ಪ್ರೆಸ್‌ವೇ ಮುಗಿಸಿ ಬೆಂಗಳೂರು ಬೈಪಾಸ್ ಹಿಡಿದ್ರ ಊರೊಳಗ ಹೋಗೋ ಪ್ರಸಂಗನ ಬರೂದಿಲ್ಲ. ಯರವಡಾದಾಗ ಪೂನಾ ಕ್ಲಬ್ಬಿನ ಕೋರ್ಸ್ ಅದ, ಸಪಾಟು, ಗಿಡಗಳ ನಡುವಿನ ಆಟ, ಆದ್ರ ಮೆಂಬರ್ ಜೋಡಿ ಇರಬೇಕು. ಅಂದ್ರ ನಿಮ್ಮ ಪಾಲಿಗೆ ಒಂದೇ ಕೋರ್ಸು. ಒಂದೇ ಕೋರ್ಸಿನ ಮ್ಯಾಲೆ ನಾಲ್ಕು ರೌಂಡ್ ಆಡಿದ್ರ ಅದು ರಜಾ ಅಲ್ರಿ, ಪ್ರಾಕ್ಟೀಸ್.

ಬಾವಧನದ ಕೋರ್ಸು ಗುಡ್ಡದ್ದು. ನಡದು ಆಡ್ತೀನಿ ಅನ್ನಬ್ಯಾಡ್ರಿ, ಕಾರ್ಟ್ ತಗೊಳ್ರಿ. ಅಲ್ಲಿ ಸ್ಕೋರ್ ಕೆಡೂದು ಎರಡು ಕಡೆ. ಮೊದಲನೇದು ಏರು ಇಳಿತ. ಗ್ರೀನ್ ನಿಮಗಿಂತ 10 ಗಜ ಮ್ಯಾಲಿದ್ರ ಹತ್ರಹತ್ರ 10 ಗಜ ಹೆಚ್ಚಿಗಿ ಹಿಡೀರಿ, ಕೆಳಗಿದ್ರ ಅಷ್ಟೇ ಕಡಿಮಿ. ಕ್ಯಾಡಿ "ಒಂದು ಕ್ಲಬ್ ಕಮ್ಮಿ" (ಕಡಿಮಿ ದೂರ ಹೋಗೋ ಕ್ಲಬ್ ತಗೊಳ್ರಿ) ಅಂದ್ರ ವಾದ ಮಾಡಬ್ಯಾಡ್ರಿ. ಎರಡನೇದು, ಫೇರ್‌ವೇದಾಗೂ ಕಾಲಿಗಿ ಸಮ ನೆಲ ಸಿಗೂದಿಲ್ಲ. ಬಲಗೈಯವ್ರಿಗೆ ಚೆಂಡು ಕಾಲಿಗಿಂತ ಮ್ಯಾಲಿದ್ರ ಎಡಕ್ಕ ಎಳೀತದ, ಕೆಳಗಿದ್ರ ಬಲಕ್ಕ ಹೋಗ್ತದ. ಮ್ಯಾಲಿದ್ದಾಗ ಗ್ರಿಪ್ ಎರಡು ಬೆರಳು ಕೆಳಗ ಹಿಡದು, ಗುರಿ ಬಲಕ್ಕ ಇಟ್ಕೊಳ್ರಿ. ನಿಮ್ಮ ಹೊಸಬರು ರೇಂಜಿನ ಚಾಪಿ ಮ್ಯಾಲೆ ಹೊಡದವ್ರು, ಅವ್ರಿಗೆ ಇದು ಭಾಳ ತ್ರಾಸ ಕೊಡ್ತದ.

ಹಂಗಾಗಿ ನಂದೊಂದು ಮಾತು: ಡಿಸೆಂಬರ್‌ದಾಗ ಒಂದು ಶನಿವಾರ ಅವ್ರನ್ನ ಇಲ್ಲಿ ಕರಕೊಂಡು ಬರ್ರಿ. ಪೂರ್ತಿ 18 ಹೋಲ್ ಆಡೋದು ಅಂದ್ರ ಏನು ಅಂತ ಮೊದ್ಲ ಗೊತ್ತಾಗ್ಲಿ. ವಿಮಾನ ಹತ್ತಿ ಹೋಗಿ, ಮೂರನೇ ಹೋಲಿಗೆ ಚೆಂಡು ಮುಗದು ಕೂತ್ರ ಉಳದ ಮೂವರ ದಿನಾನೂ ಹಾಳು.

ಮಡಗಾಂವ್_ಮಾರಾಯ

ಗೋವಾ ಪಟ್ಟಿಯಿಂದ ತೆಗೆಯಿರಿ ಮಾರಾಯ್ರೆ. ಗೋವಾದಲ್ಲೇ ಕೂತು ಇದನ್ನು ಹೇಳುವುದು ಬೇಜಾರಿನ ಸಂಗತಿ, ಆದರೆ ಸತ್ಯ. ಪ್ರವಾಸಿಗಳಿಗೆ ಸಿಗುವುದು ಹೋಟೆಲಿಗೆ ಅಂಟಿಕೊಂಡ ಎರಡು. ಕಾಣಕೋಣದ ರಾಜಬಾಗ್‌ನಲ್ಲಿ ಲಲಿತ್ ಹೋಟೆಲಿನ 9 ಹೋಲ್ ಉಂಟು. ಎರಡೆರಡು ಟೀ (ಮೊದಲ ಹೊಡೆತದ ಜಾಗ) ಇಟ್ಟಿದ್ದಾರೆ, ಅದನ್ನೇ ಎರಡು ಸುತ್ತು ಆಡಿದರೆ 18. ಮೊಬೋರ್‌ನಲ್ಲಿ ಮೊದಲು ಲೀಲಾ ಆಗಿದ್ದ ಹೋಟೆಲಿನ 12 ಹೋಲ್ ಉಂಟು, ಚಿಕ್ಕದು. ಸಮುದ್ರದ ಗಾಳಿಗೆ ಚೆಂಡನ್ನು ತಗ್ಗಿಸಿ ಹೊಡೆಯಲು ಕಲಿಯುವುದಕ್ಕೆ ರಾಜಬಾಗ್ ಚಂದ, ಒಂದು ಬೆಳಿಗ್ಗೆಗೆ ಸಾಕು.

ದೂರವೂ ಕಡಿಮೆಯಿಲ್ಲ. ಅಗ್ಗದ ಟಿಕೆಟ್ ಎಂದು ಉತ್ತರ ಗೋವಾದ ಮೋಪಾ ಏರ್‌ಪೋರ್ಟಿಗೆ ಇಳಿದರೆ ಕಾಣಕೋಣ ರಾಜ್ಯದ ಇನ್ನೊಂದು ತುದಿ, ಎರಡೂವರೆ ಗಂಟೆಗೆ ಕಡಿಮೆಯಿಲ್ಲ. ಅಷ್ಟೊತ್ತಿಗೆ ಕಾರವಾರ ದಾಟಬಹುದಿತ್ತು ಅನ್ನಿಸುತ್ತದೆ! ದಾಬೋಳಿಯೇ ಹತ್ತಿರ. ರೈಲಾದರೆ ಕಾಣಕೋಣದಲ್ಲೇ ಸ್ಟೇಷನ್ ಉಂಟು, ನಿಮ್ಮ ಗಾಡಿ ನಿಲ್ಲದಿದ್ದರೆ ಮಡಗಾಂವ್‌ನಲ್ಲಿ ಇಳಿಯಿರಿ. ಬೀಚಿಗೆಂದು ಬಂದವರು ಒಂದು ದಿನ ಆಡಬಹುದು, ಆಡಲಿಕ್ಕೆಂದೇ ಬರುವ ಊರಲ್ಲ.

ಹೈದರಾಬಾದ್ ಬಗ್ಗೆ ಚೆಂಬೂರಿನವರು ಏನೂ ಹೇಳಲಿಲ್ಲ ಯಾಕೆ? ಗೋಲ್ಕೊಂಡಾ ಕೋಟೆಯ ನಯಾ ಕಿಲಾದಲ್ಲಿ ಒಂದು 18, ಗಚ್ಚಿಬೌಲಿಯ ಬೌಲ್ಡರ್ ಹಿಲ್ಸ್ ಇನ್ನೊಂದು 18. ಎರಡೂ ಊರಿನ ಪಶ್ಚಿಮಕ್ಕೆ, ಒಂದೇ ಹೋಟೆಲಿನಿಂದ ಎರಡಕ್ಕೂ ಹೋಗಬಹುದು, ಏರ್‌ಪೋರ್ಟಿಗೆ ರಿಂಗ್ ರೋಡ್ ಉಂಟು. ಗಂಟು ಮೂಟೆ ಕಟ್ಟಿ ಊರೂರು ತಿರುಗುವ ಕೆಲಸ ಇಲ್ಲ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಗಾಲ್ಫ್ ಬ್ಯಾಗ್ ಇಟ್ಟುಕೊಂಡು ಕೂರುವುದಕ್ಕಿಂತ ಇದು ವಾಸಿ ಅಲ್ಲವಾ?

ಚೆಂಬೂರ್_ಚಿಪ್

ಒಳ್ಳೆಯ ಮಾತು. ಹೈದರಾಬಾದ್ ನನ್ನ ಲೆಕ್ಕದಲ್ಲಿ ಎರಡನೆಯದು. ಮೂರು ದಿನ, ಎರಡು ಮೂರು ರೌಂಡ್ ಎಂದಿದ್ದರೆ ಅದನ್ನೇ ಮೊದಲು ಹೇಳುತ್ತಿದ್ದೆ. ಬಂಡೆಗಳ ನಡುವೆ ಒಂದು, ಕೋಟೆ ಗೋಡೆಯ ನೆರಳಲ್ಲಿ ಇನ್ನೊಂದು, ಎರಡೂ ಬೇರೆ ಬೇರೆ ಸ್ವಭಾವದವು. ಇಲ್ಲಿ ನಾಲ್ಕು ರೌಂಡ್, ಜೊತೆಗೆ ಆಡದ ಇಬ್ಬರು. ಮೈಸೂರು ಅವರಿಗೂ ಆಗುತ್ತದೆ, ನಿಮಗೂ ಆಗುತ್ತದೆ.

ಬೆಂಗಳೂರಿನಲ್ಲಿ ಎಡವುವುದು ಎಲ್ಲಿ ಎಂದರೆ, ಹೆಸರು ಕೇಳಿ ಊರ ನಡುವೆ ರೂಮ್ ಹಿಡಿಯುತ್ತಾರೆ. ದೊಮ್ಮಲೂರು ಬಳಿಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್, ಹೈಗ್ರೌಂಡ್ಸ್‌ನಲ್ಲಿರುವ 1876ರ ಬೆಂಗಳೂರು ಗಾಲ್ಫ್ ಕ್ಲಬ್, ಎರಡೂ ಮೆಂಬರ್‌ಗಳ ಜಾಗ. ಪರಿಚಯದ ಮೆಂಬರ್ ಇಲ್ಲದೆ ಅವುಗಳ ಪಕ್ಕ ಉಳಿದು ಏನು ಪ್ರಯೋಜನ? ನೀವು ಹಿಡಿಯಬೇಕಾದದ್ದು ಉತ್ತರ, ದೇವನಹಳ್ಳಿ ಮತ್ತು ನಂದಿ ಬೆಟ್ಟದ ಕಡೆ. ಗಾಲ್ಫ್‌ಶೈರ್ ಎಂಬ ರೆಸಾರ್ಟ್ ಕೋರ್ಸ್ ಅಲ್ಲೇ, ಏರ್‌ಪೋರ್ಟ್ ಕೂಡ ಅಲ್ಲೇ. ರೂಮಿನ ದುಡ್ಡು ಕಟ್ಟುವ ಮುನ್ನ ಟೀ ಟೈಮ್ ಖಚಿತ ಎಂದು ಬರಹದಲ್ಲಿ ತರಿಸಿಕೊಳ್ಳಿ. "ಬಂದ ಮೇಲೆ ನೋಡೋಣ ಸರ್" ಎಂದರೆ ನೋಡುವುದೇನೂ ಇರುವುದಿಲ್ಲ.

ಮೊದಲು ದೂರದ ಮೈಸೂರು, ಕೊನೆಗೆ ಏರ್‌ಪೋರ್ಟ್ ಪಕ್ಕದ ಕೋರ್ಸ್. ಎಲ್ಲರೂ ಇದನ್ನು ತಿರುವುಮುರುವು ಮಾಡುತ್ತಾರೆ, ಕೊನೆಯ ದಿನ ಮೈಸೂರಿನಿಂದ ಏರ್‌ಪೋರ್ಟಿಗೆ ನಾಲ್ಕು ಗಂಟೆ ಓಡುತ್ತಾರೆ, ಅವತ್ತಿನ ರೌಂಡ್ ಹೋಗುತ್ತದೆ.

ಲೆಕ್ಕದ_ಮಾಸ್ತರ್

ಬ್ಯಾಗ್ ಪ್ರಶ್ನೆಗೆ ತಕ್ಕಡಿ ಹಿಡಿದು ಉತ್ತರಿಸೋಣ. 14 ಕ್ಲಬ್ ಸುಮಾರು ಐದೂವರೆ ಕಿಲೊ. ಸ್ಟ್ಯಾಂಡ್ ಬ್ಯಾಗ್ ಎರಡೂಕಾಲು. ಚಕ್ರವಿರುವ ಟ್ರಾವೆಲ್ ಕವರ್ ಮೂರೂವರೆ. ಶೂ ಒಂದು ಕಿಲೊ. ಚೆಂಡು ತಲಾ 46 ಗ್ರಾಂ ಮೀರುವಂತಿಲ್ಲ, ಒಂದೂವರೆ ಡಜನ್‌ಗೆ 800 ಗ್ರಾಂ. ಗ್ಲವ್, ಟೀ, ಟವೆಲ್, ಕೊಡೆ ಸೇರಿ ಅರ್ಧ ಕಿಲೊ ದಾಟುತ್ತದೆ. ಒಟ್ಟು ಹದಿಮೂರೂವರೆ. ದೇಶದೊಳಗಿನ ಟಿಕೆಟ್‌ನಲ್ಲಿ 15 ಕಿಲೊ ಎಂದು ಬರೆದಿದ್ದರೆ ಬಟ್ಟೆಗೆ ಉಳಿದದ್ದು ಒಂದೂವರೆ ಕಿಲೊ. ಹಾಗಾಗಿ ಟಿಕೆಟ್ ಕೊಳ್ಳುವಾಗಲೇ ಆ ವಿಮಾನ ಕಂಪನಿ ಕ್ರೀಡಾ ಸಾಮಾನಿಗೆ ಬೇರೆ ಚಾರ್ಜ್ ಹಾಕುತ್ತದಾ, ಹೆಚ್ಚುವರಿ ಕಿಲೊ ಮೊದಲೇ ಕೊಂಡರೆ ಅಗ್ಗವಾ ಎಂದು ನೋಡಿ. ಕೌಂಟರಿನಲ್ಲಿ ಕಟ್ಟಿದರೆ ಯಾವಾಗಲೂ ದುಬಾರಿ. ಒಂದು ಪಟರ್ ಕೂಡ ಕ್ಯಾಬಿನ್‌ಗೆ ಒಯ್ಯಲು ಬಿಡುವುದಿಲ್ಲ, ಸೆಕ್ಯುರಿಟಿಯಲ್ಲಿ ತೆಗೆಸುತ್ತಾರೆ.

ಹ್ಯಾಂಡಿಕ್ಯಾಪ್ 9 ಮತ್ತು 16 ಇರುವವರು ತಮ್ಮದನ್ನೇ ಒಯ್ಯಲಿ. 22ರವರು ಅರ್ಧ ಸೆಟ್ ಒಯ್ದರೆ ಸಾಕು: 3 ವುಡ್, ಒಂದು ಹೈಬ್ರಿಡ್, 6, 8, ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಪಟರ್. ಹೊಸಬರು ಬಾಡಿಗೆಗೆ ತೆಗೆದುಕೊಳ್ಳಲಿ, ಶೂ ಮತ್ತು ಗ್ಲವ್ ಮಾತ್ರ ಸ್ವಂತದ್ದಿರಲಿ. ಎಡಗೈಯವರಾದರೆ ಬಾಡಿಗೆ ಸೆಟ್ ಇದೆಯೇ ಎಂದು ಮೊದಲೇ ಕೇಳಬೇಕು, ಎಷ್ಟೋ ಕಡೆ ಇರುವುದಿಲ್ಲ.

ವಿಮಾನದಲ್ಲಿ ಮುರಿಯುವುದು ಸಾಮಾನ್ಯವಾಗಿ ಡ್ರೈವರ್, ಅದೂ ತಲೆ ಶಾಫ್ಟಿಗೆ ಸೇರುವ ಕುತ್ತಿಗೆಯ ಹತ್ತಿರ. ಬ್ಯಾಗ್ ತಲೆಕೆಳಗಾಗಿ ಬಿದ್ದಾಗ ಇಡೀ ಭಾರ ಎಲ್ಲಕ್ಕಿಂತ ಉದ್ದದ ಕ್ಲಬ್ಬಿನ ಮೇಲೆ ಬೀಳುತ್ತದೆ, ಅದಕ್ಕೇ. ಕಳಚುವ ತಲೆಯಿದ್ದರೆ ಟಾರ್ಕ್ ಕೀಲಿ ಹಾಕಿ ಬಿಚ್ಚಿ, ಅಡಾಪ್ಟರ್ ಯಾವ ಗುರುತಿನಲ್ಲಿತ್ತೆಂದು ಮೊಬೈಲಿನಲ್ಲಿ ಫೋಟೊ ತೆಗೆದು, ತಲೆಯನ್ನು ಕಾಲ್ಚೀಲದಲ್ಲಿ ತುರುಕಿ ಬಟ್ಟೆಯ ನಡುವೆ ಇಡಿ. ಕೀಲಿಯನ್ನೂ ಅದೇ ಬ್ಯಾಗಿನಲ್ಲಿಡಿ, ಕೈಚೀಲದಲ್ಲಲ್ಲ. ಮತ್ತೆ ಜೋಡಿಸುವಾಗ ಕೀಲಿ "ಟಕ್" ಎನ್ನುವವರೆಗೆ ತಿರುಗಿಸಬೇಕು, ಅಲ್ಲಿಗೆ ನಿಲ್ಲಿಸಬೇಕು. ತಲೆ ಕಳಚದಿದ್ದರೆ ಡ್ರೈವರ್‌ಗಿಂತ ಎರಡು ಮೂರು ಇಂಚು ಉದ್ದದ ಗಟ್ಟಿ ಕೋಲನ್ನು ಬ್ಯಾಗ್ ನಡುವೆ ನಿಲ್ಲಿಸಿ, ಪೆಟ್ಟು ಅದಕ್ಕೆ ಬೀಳಲಿ. ಅದರ ಮೇಲೆ ಮಡಚಿದ ಟವೆಲ್.

ಗಾಡಿಯ ವಿಷಯ. ಆರು ಜನ, ಮೂರು ಗಾಲ್ಫ್ ಬ್ಯಾಗ್, ಆರು ಸೂಟ್‌ಕೇಸ್. ಟ್ರಾವೆಲ್ ಕವರ್ ಉದ್ದ ನಾಲ್ಕು ಅಡಿ ದಾಟುತ್ತದೆ. ಇನೊವಾದಲ್ಲಿ ಹಿಂದಿನ ಸಾಲು ಮಡಚಿದರೆ ಬ್ಯಾಗ್ ಹಿಡಿಸುತ್ತವೆ, ಆಗ ಜನ ಹಿಡಿಸುವುದಿಲ್ಲ. ಎರಡು ಗಾಡಿ ಹೇಳಿ, ಇಲ್ಲವೇ ಟೆಂಪೊ ಟ್ರಾವೆಲರ್. ಏರ್‌ಪೋರ್ಟಿನಿಂದಲೇ ಮೈಸೂರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ, ಕೆಳಗಿನ ಡಿಕ್ಕಿಯಲ್ಲಿ ಬ್ಯಾಗ್‌ಗಳು ಮಲಗುತ್ತವೆ.

ಇನ್ನು ನಿಮ್ಮೊಳಗಿನ ಪಂದ್ಯ. ಮನೆಯ ಕೋರ್ಸಿನ ಹ್ಯಾಂಡಿಕ್ಯಾಪ್ ಅನ್ನೇ ಅಲ್ಲಿ ಹಿಡಿದರೆ ಜಗಳ. ಹ್ಯಾಂಡಿಕ್ಯಾಪ್ ಇಂಡೆಕ್ಸನ್ನು ಆ ಟೀಯ ಸ್ಲೋಪ್‌ನಿಂದ ಗುಣಿಸಿ 113ರಿಂದ ಭಾಗಿಸಿ, ಅದಕ್ಕೆ ಕೋರ್ಸ್ ರೇಟಿಂಗ್‌ನಲ್ಲಿ ಪಾರ್ ಕಳೆದು ಬಂದದ್ದನ್ನು ಕೂಡಿಸಿ. ಸ್ಲೋಪ್, ರೇಟಿಂಗ್ ಎರಡೂ ಆ ಕೋರ್ಸ್ ಎಷ್ಟು ಕಷ್ಟ ಎಂಬುದರ ಅಂಕಿ. ಉದಾಹರಣೆಗೆ ಇಂಡೆಕ್ಸ್ 18, ಸ್ಲೋಪ್ 130, ರೇಟಿಂಗ್ 73.5, ಪಾರ್ 72 ಎಂದಿಟ್ಟುಕೊಳ್ಳಿ. 20.7ಕ್ಕೆ 1.5 ಸೇರಿ 22.2, ಅಂದರೆ ಆ ದಿನ ಅವರಿಗೆ 22 ಹೊಡೆತ. ಹೊಸಬರಿಗೆ ಇಂಡೆಕ್ಸ್ ಇಲ್ಲ, ಗರಿಷ್ಠ 54 ಹಿಡಿಯಿರಿ. ಆಟ ಸ್ಟೇಬಲ್‌ಫೋರ್ಡ್ (ಹೋಲ್‌ವಾರು ಪಾಯಿಂಟ್ ಎಣಿಸುವ ಬಗೆ) ಇರಲಿ. ಪಾಯಿಂಟ್ ಸಿಗುವುದಿಲ್ಲ ಎಂದು ಖಚಿತವಾದ ಕೂಡಲೇ ಚೆಂಡು ಎತ್ತಿ ಜೇಬಿಗೆ. ನಾಲ್ವರ ರೌಂಡ್ ನಾಲ್ಕೂವರೆ ಗಂಟೆಯಲ್ಲಿ ಮುಗಿಯಲು ಇದೊಂದೇ ದಾರಿ.

ಠಾಣೆ_ಬೋಗಿ

ಬಹಳ ಉಪಕಾರ. ಕೊಲಂಬೊದವರು ಬಾಯಿ ಮುಚ್ಚಿದ್ದಾರೆ. ಮೈಸೂರು, ಬೆಂಗಳೂರು ಎಂದೇ ಇಟ್ಟುಕೊಂಡೆವು. ದಿನದ ಲೆಕ್ಕ ಹೇಗೆ ಹಾಕುವುದು? ಅಲ್ಲಿಯ ಎತ್ತರಕ್ಕೆ ಚೆಂಡು ಹೆಚ್ಚು ದೂರ ಹೋಗುತ್ತದೆ ಎನ್ನುತ್ತಾರೆ, ನಿಜವಾ?

ಚೆಂಬೂರ್_ಚಿಪ್

ಅರ್ಧ ನಿಜ. ಸಾವಿರ ಅಡಿ ಎತ್ತರಕ್ಕೆ ಹೆಚ್ಚುಕಡಿಮೆ ನೂರಕ್ಕೆ ಒಂದರ ಮೇಲೆ ಸ್ವಲ್ಪ ಸೇರುತ್ತದೆ. ಬೆಂಗಳೂರು 3000 ಅಡಿ, ಅಂದರೆ ಇಲ್ಲಿ 150 ಗಜ ಹೋಗುವ ಕ್ಲಬ್ ಅಲ್ಲಿ 155. ಆದರೆ ಜನವರಿ ಬೆಳಗಿನ ಏಳು ಗಂಟೆಗೆ ಅಲ್ಲಿ 16 ಡಿಗ್ರಿ ಚಳಿ. ತಣ್ಣನೆಯ ಗಾಳಿ ದಟ್ಟ, ಚೆಂಡೂ ಗಟ್ಟಿ, ಮೂರು ನಾಲ್ಕು ಗಜ ಅಲ್ಲೇ ಕಳೆಯುತ್ತದೆ. ಮೊದಲ ಒಂಬತ್ತು ಹೋಲ್ ಮುಂಬಯಿಯ ಲೆಕ್ಕದಲ್ಲೇ ಆಡಿ. ಬಿಸಿಲೇರಿದ ಮೇಲೆ, ಹತ್ತೂವರೆಯ ಸುಮಾರಿಗೆ, ಗ್ರೀನ್ ದಾಟಿ ಹಿಂದೆ ಬೀಳಲು ಶುರುವಾಗುತ್ತದೆ. ಆಗ ಅರ್ಧ ಕ್ಲಬ್ ಇಳಿಸಿ.

ಎತ್ತರಕ್ಕಿಂತ ಹೆಚ್ಚು ಮೋಸ ಮಾಡುವುದು ಗ್ರೀನಿನ ಹುಲ್ಲು. ಬರ್ಮುಡಾ ಹುಲ್ಲು ಒಂದು ಕಡೆಗೆ ಮಲಗಿ ಬೆಳೆಯುತ್ತದೆ. ಚೆಂಡಿನ ಹಿಂದೆ ನಿಂತು ನೋಡಿದಾಗ ಹುಲ್ಲು ಹೊಳೆಯುತ್ತಿದ್ದರೆ ಅದು ನಿಮ್ಮಿಂದ ಆಚೆಗೆ ಮಲಗಿದೆ, ಪಟ್ ಜೋರಾಗಿ ಓಡುತ್ತದೆ. ಕಪ್ಪಾಗಿ ಕಂಡರೆ ಎದುರು, ಸ್ವಲ್ಪ ಬಲ ಹೆಚ್ಚು ಬೇಕು. ಗೊಂದಲವಾದರೆ ಚೆಂಡು ಬೀಳುವ ತೂತಿನ ಹತ್ತಿರ ಹೋಗಿ ಬಗ್ಗಿ ನೋಡಿ. ಅದರ ಒಂದು ಅಂಚು ಕತ್ತರಿಸಿದ ಹಾಗೆ ಚೊಕ್ಕ ಇರುತ್ತದೆ, ಎದುರಿನ ಅಂಚು ಒಣಗಿ ಹರಿದ ಹಾಗಿರುತ್ತದೆ. ಹರಿದ ಅಂಚಿನ ಕಡೆಗೆ ಹುಲ್ಲು ಬೆಳೆಯುತ್ತಿದೆ ಎಂದರ್ಥ. ಮೂರು ಅಡಿಯ ಪಟ್‌ನಲ್ಲೂ ಇದು ಚೆಂಡನ್ನು ಸರಿಸುತ್ತದೆ.

ದಿನದ ಲೆಕ್ಕ ಹೀಗೆ. ಮೊದಲ ದಿನ ಬೆಳಗಿನ ವಿಮಾನ, ನೇರ ಮೈಸೂರು, ಆಟ ಬೇಡ. ಎರಡನೆಯ ದಿನ ಬೆಳಿಗ್ಗೆ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್. ಚಾಮುಂಡಿ ಬೆಟ್ಟದ ಬುಡ, ರೇಸ್ ಕೋರ್ಸಿಗೆ ಸೇರಿಕೊಂಡ 18 ಹೋಲ್. ಇದೂ ಕ್ಲಬ್ಬೇ, ಹಾಗಾಗಿ ಮೂರು ವಾರ ಮುಂಚೆ ಸೆಕ್ರೆಟರಿಗೆ ಮೇಲ್ ಹಾಕಿ: ನಾಲ್ವರ ಹೆಸರು, ಮೂವರ ಹ್ಯಾಂಡಿಕ್ಯಾಪ್ ಕಾರ್ಡ್, ಬೇಕಾದ ತಾರೀಕು, ಅದು ಆಗದಿದ್ದರೆ ಇನ್ನೊಂದು ತಾರೀಕು. ಆ ದಿನ ರೇಸ್ ಇದೆಯಾ ಎಂದೂ ಕೇಳಿ. ಒಪ್ಪಿಗೆ ಬಂದ ಮೇಲೆ ವಿಮಾನದ ಟಿಕೆಟ್, ಅದಕ್ಕೆ ಮೊದಲಲ್ಲ. ಒಪ್ಪದಿದ್ದರೆ ಹೈದರಾಬಾದ್ ಇದ್ದೇ ಇದೆ. ಹೊಸಬರನ್ನು ಬಿಡುವುದಿಲ್ಲ ಎಂದರೆ ಅವರು ಆ ದಿನ ಉಳಿದವರ ಸ್ಕೋರ್ ಬರೆಯಲಿ. ಮೂರನೆಯ ದಿನ ಬೆಳಿಗ್ಗೆ ಅಲ್ಲೇ ಇನ್ನೊಂದು ರೌಂಡ್, ಊಟ ಮುಗಿಸಿ ದೇವನಹಳ್ಳಿಗೆ ಹೊರಡಿ, ಕತ್ತಲಾಗುವ ಹೊತ್ತಿಗೆ ಮುಟ್ಟುತ್ತೀರಿ. ನಾಲ್ಕು ಮತ್ತು ಐದನೆಯ ದಿನ ಗಾಲ್ಫ್‌ಶೈರ್. ಐದನೆಯ ದಿನ ಮೊದಲ ಟೀಯೇ ಬೇಕೆಂದು ಕೇಳಿ. ಆ ಹೊತ್ತಿನಲ್ಲಿ ಸೂರ್ಯೋದಯ ಸುಮಾರು 6.45, ಹನ್ನೊಂದೂವರೆಗೆ ಆಟ ಮುಗಿದರೆ ಸ್ನಾನ, ಊಟ ಮಾಡಿಯೂ ನಾಲ್ಕರ ವಿಮಾನ ಸಿಗುತ್ತದೆ.

ಆಡದವರಿಗೆ: ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ. ಅರಮನೆಯ ದೀಪ ನೋಡಬೇಕೆಂದರೆ ಭಾನುವಾರ ಸಂಜೆ ಏಳಕ್ಕೆ ಮೈಸೂರಿನಲ್ಲಿರಬೇಕು. ಹಾಗಾಗಿ ಶನಿವಾರ ಹೊರಡಿ. ಸೋಮವಾರ ಅಲ್ಲಿ ಕೋರ್ಸ್ ತೆರೆದಿರುತ್ತದಾ ಎಂಬುದನ್ನು ಅದೇ ಮೇಲ್‌ನಲ್ಲಿ ಸೇರಿಸಿ. ರಜೆಯಾದರೆ ಅಲ್ಲಿನ ಎರಡನೆಯ ರೌಂಡನ್ನು ಮಂಗಳವಾರಕ್ಕೆ ತಳ್ಳಿ, ಮೈಸೂರಿನಲ್ಲಿ ಒಂದು ದಿನ ಹೆಚ್ಚು ಹಿಡಿಯಿರಿ, ಆಗ ಒಟ್ಟು ಆರು ದಿನವಾಗುತ್ತದೆ.

ಬಾವಧನ_ಬಂಕರ್

ಒಂದು ಬಿಟ್ರಿ ನೋಡ್ರಿ: ಕಾಲರ್ ಇಲ್ಲದ ಟೀ ಶರ್ಟು, ಜೀನ್ಸು ನಡಿಯೂದಿಲ್ಲ, ಕಬ್ಬಿಣದ ಸ್ಪೈಕ್ ಇರೋ ಶೂನೂ ಅಷ್ಟ. ಹೊಸಬರಿಗೆ ಈಗ್ಲೇ ಹೇಳಿಬಿಡ್ರಿ. ಮತ್ತ ಕ್ಯಾಡಿ ಕೈಗೆ ಕೊಡ್ಲಿಕ್ಕೆ ಚಿಲ್ಲರ ನೋಟು ಇಟ್ಕೊಳ್ರಿ, ಕ್ಲಬ್ಬಿನ ಬಿಲ್ಲು ಕಾರ್ಡ್ ಮ್ಯಾಲೆ ಹೋಗ್ತದ, ಅವ್ರ ಬಕ್ಷೀಸು ಹೋಗೂದಿಲ್ಲ.